ಹತ್ತು ಕಲ್ಲಿಗೆ ಒಂಬತ್ತು

ಅವರು ಚಪ್ಪಲಿ ಬಿಟ್ಟು ಗಾಡಿ ಓಡಿಸುತ್ತಿದ್ದರು. ಕ್ಯಾಬಿನ್ ಹತ್ತುವ ಮುಂಚೆ ಎರಡೂ ಚಪ್ಪಲಿ ಕಳಚಿ, ಒಂದಕ್ಕೊಂದು ತಟ್ಟಿ ಮಣ್ಣು ಉದುರಿಸಿ, ಸೀಟಿನ ಹಿಂದೆ ಇಡುವರು. ಆಮೇಲೆ ಬಲಗಾಲಿನ ಅಂಗಾಲನ್ನು ಎಡಗಾಲಿನ ಪ್ಯಾಂಟಿಗೆ ಒಮ್ಮೆ ಒರೆಸಿಕೊಂಡು ಹತ್ತುವರು. ಮೊದಲ ದಿನ ಇದನ್ನು ನೋಡಿ ಭಕ್ತಿ ಎಂದುಕೊಂಡೆ. ಗಾಡಿಗೆ ಕೈಮುಗಿದು ಹತ್ತುವ ಡ್ರೈವರುಗಳು ನಮ್ಮ ಕಡೆ ಬೇಕಾದಷ್ಟು. ಕೇಳಿದರೆ ಭಕ್ತಿ ಅಲ್ಲವಂತೆ.

“ಚಪ್ಪಲಿ ಇದ್ರ ತಿಳಿಯಂಗಿಲ್ರಿ ಸರ. ಎಷ್ಟು ಒತ್ತೀವಿ ಅಂಬೋದು ಅಂಗಾಲಿಗೆ ತಿಳೀಬೇಕು,” ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಡಕಶಿರದಿಂದ ಹಿಂದೂಪುರದವರೆಗೆ ಪಿಕಪ್ ಇಟ್ಟುಕೊಂಡವರ ಬಾಯಲ್ಲೆಲ್ಲ ಆ ಹೆಸರು ಕೆಲವು ದಿನ ಒಂದು ಕೆಟ್ಟ ಮಾತಿನ ಜೊತೆ ಸೇರಿ ಓಡಾಡಿತು. ಅದನ್ನು ಓಡಾಡಲು ಬಿಟ್ಟವನು ನಾನು. ಈಗ ಮತ್ತೆ ನಾನೇ ಆ ಹೆಸರೆತ್ತುವುದು ಸರಿಯಲ್ಲ. ನಮ್ಮಲ್ಲಿ ಎಲ್ಲರೂ ಅವರನ್ನು ರಾಯದುರ್ಗದಣ್ಣ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಮಾತಿನ ಕೊನೆಯ ‘ರಿ’ಯನ್ನು ನಮ್ಮ ರೇಷ್ಮೆ ಹುಳುಮನೆಯ ಹೆಂಗಸರು ಅಣಕಿಸುತ್ತಿದ್ದರು. ಅವರು ಮುಗುಳ್ನಕ್ಕು, ಇನ್ನೂ ಎರಡು ‘ರಿ’ ಸೇರಿಸಿ ಮಾತಾಡಿ ಹೋಗುತ್ತಿದ್ದರು.

ಮಡಕಶಿರದ ಹೊರಗೆ ಒಂದು ಚಾಕಿ ಕೇಂದ್ರ. ಅಲ್ಲಿ ನಾನು ಮ್ಯಾನೇಜರ್. ಮೊಟ್ಟೆಯೊಡೆದ ರೇಷ್ಮೆಹುಳುವನ್ನು ಎರಡನೇ ಜ್ವರ ಕಳೆಯುವವರೆಗೆ ನಾವು ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುತ್ತೇವೆ. ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುವುದು ನಮ್ಮ ಕಡೆಯ ಮಾತು. ಬೆಳಗಿನ ತಂಪು ಇಳಿಯುವುದರೊಳಗೆ, ಟ್ರೇ ಅಲುಗಾಡದ ಹಾಗೆ, ಗುಡಿಬಂಡೆ, ಅಮರಾಪುರ, ರೊಳ್ಳ ಸುತ್ತಿ ಕೊನೆಗೆ ರತ್ನಗಿರಿ ಕೋಟೆಯ ಕೆಳಗಿನ ಮನೆಗಳಿಗೆ ಹುಳು ಮುಟ್ಟಬೇಕು. ಅದಕ್ಕೆಂದು ಒಂದು ಪಿಕಪ್ ಇತ್ತು. ಅದರ ಲಾಗ್‌ಬುಕ್ ಬರೆಯುವುದು ನನ್ನ ಕೆಲಸ. ಬಿ.ಎಸ್ಸಿ. ಓದಿದವನು, ಅಂಕಿಗಳೆಂದರೆ ನನಗೆ ಒಂದು ಬಗೆಯ ಜಂಬ. ಯಜಮಾನರು ಕೇಳುವ ಮುಂಚೆಯೇ ಹೇಳುವಷ್ಟು ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು.

ಬಾಡಿಗೆ ಗಾಡಿ, ಸಂಬಳದ ಡ್ರೈವರು ಇರುವ ಕಡೆಯೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಡ್ರೈವರಿನ ನಡತೆಗೆ ಬೇರೆ ಸರ್ಟಿಫಿಕೇಟು ಬೇಡ, ಗಾಡಿಯ ಮೈಲೇಜೇ ಸಾಕು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಆ ಒಂದು ಸಂಖ್ಯೆ ಇಳಿದರೆ ಡ್ರೈವರು ಡೀಸೆಲ್ ತೆಗೆದು ಮಾರುತ್ತಾನೆ ಎಂದೇ ಲೆಕ್ಕ. ಯಾರೂ ಎದುರಿಗೆ ಹೇಳುವುದಿಲ್ಲ. ಸುಮ್ಮನೆ ಅವನ ಕಡೆ ನೋಡುವ ನೋಟ ಬದಲಾಗುತ್ತದೆ.

ನಮ್ಮ ಹಳೆಯ ಡ್ರೈವರು ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಆ ಗಾಡಿ ಲೀಟರಿಗೆ ಹದಿನಾಲ್ಕು ಕೊಡುತ್ತಿತ್ತು. ಆಮೇಲೆ ಒಂದು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಆ ತಿಂಗಳಲ್ಲಿ ನಾನು ಸುಮ್ಮನಿರಲಾರದೆ ಅದಕ್ಕೆ ಬಣ್ಣ ಹೊಡೆಸಿದೆ, ಹೊಸ ಟಾರ್ಪಾಲು ತಂದೆ, ರತ್ನಗಿರಿ ಕಡೆಯ ಕಲ್ಲು ರಸ್ತೆಯಲ್ಲಿ ತಳ ತಾಗದಿರಲಿ ಎಂದು ಸ್ವಲ್ಪ ದೊಡ್ಡ ಚಕ್ರಗಳನ್ನು ಹಾಕಿಸಿದೆ. ಯಜಮಾನರು ನನ್ನ ಬೆನ್ನು ತಟ್ಟಿದರು. ಆಮೇಲೆ ರಾಯದುರ್ಗದಣ್ಣ ಬಂದರು. ಮೊದಲ ತಿಂಗಳು ಹನ್ನೆರಡೂವರೆ.

ಅದನ್ನು ಹೇಳಿದಾಗ ಅವರ ಮುಖ ನನಗೆ ಈಗಲೂ ನೆನಪಿದೆ. ಸಿಟ್ಟಿಲ್ಲ, ಗಾಬರಿಯಿಲ್ಲ. ಮನೆಯಲ್ಲಿ ಯಾರಿಗೋ ಮೈ ಸರಿಯಿಲ್ಲ ಎಂದು ಸುದ್ದಿ ಬಂದವರ ಹಾಗೆ ಸ್ವಲ್ಪ ಹೊತ್ತು ನಿಂತರು. ಹಳಬರು ಹದಿನಾಲ್ಕು ಕೊಡುತ್ತಿದ್ದರು ಎಂದೆ. ಕೊಡಬೇಕ್ರಿ, ನೋಡ್ತೀನ್ರಿ, ಎಂದು ಹೊರಗೆ ಹೋಗಿ ಗಾಡಿಯ ಸುತ್ತ ಎರಡು ಸುತ್ತು ಹಾಕಿದರು.

ಅಂದಿನಿಂದ ಅವರ ಬದುಕಿಗೆ ಬೇರೆ ವಿಷಯವೇ ಇರಲಿಲ್ಲ ಎನ್ನಬೇಕು. ಪ್ರತಿ ಸೋಮವಾರ ಬೆಳಿಗ್ಗೆ, ಚಕ್ರ ಬಿಸಿಯಾಗುವ ಮುಂಚೆ, ತಮ್ಮದೇ ಒಂದು ಕಡ್ಡಿಯಿಂದ ಗಾಳಿ ನೋಡುತ್ತಿದ್ದರು. ಪೆನ್ನಿನಷ್ಟುದ್ದದ ಹಿತ್ತಾಳೆ ಕಡ್ಡಿ ಅದು. ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಅವರ ಊರು ಭೈರವಾನಿತಿಪ್ಪದ ಹತ್ತಿರ. ಹುಡುಗನಾಗಿದ್ದಾಗ ಅಲ್ಲಿ ಡ್ಯಾಮ್ ಪ್ರಾಜೆಕ್ಟಿನ ಜೀಪಿನಲ್ಲಿ ಡ್ರೈವಿಂಗ್ ಕಲಿತದ್ದಂತೆ. ಆ ಜೀಪಿನ ಎಂಜಿನಿಯರು ವರ್ಗವಾಗಿ ಹೋಗುವಾಗ ಈ ಕಡ್ಡಿ ಕೊಟ್ಟು ಹೋದರಂತೆ. ಅಳತೆಯ ಮೇಲೆ ಅವರಿಗಿದ್ದ ನಂಬಿಕೆ ಅಲ್ಲಿಂದಲೇ ಬಂದದ್ದು. ಡ್ಯಾಮಿನ ನೀರಿನ ಮಟ್ಟವನ್ನು ದಿನಾ ಬೋರ್ಡಿನಲ್ಲಿ ಬರೆಯುತ್ತಿದ್ದರು, ನೀರೇ ಇಲ್ಲದ ವರ್ಷಗಳಲ್ಲೂ ಬಿಡದೆ ಬರೆಯುತ್ತಿದ್ದರು ಎಂದು ಅದೆಷ್ಟು ಸಲ ಹೇಳಿದ್ದಾರೋ. ಹೇಳುವಾಗ ಒಂದು ಹೆಮ್ಮೆ. ನೀರಿಲ್ಲದ ಡ್ಯಾಮಿಗೆ ಹೆಮ್ಮೆಪಡುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಕ್ಯಾಬಿನ್ ಮೇಲಿನ ಕಬ್ಬಿಣದ ಕ್ಯಾರಿಯರ್ ಬಿಚ್ಚಿಟ್ಟರು, ಗಾಳಿಗೆ ಅಡ್ಡ ಬರುತ್ತದೆ ಎಂದು. ತಳಕ್ಕೆ ಮೆತ್ತಿದ್ದ ಒಣಮಣ್ಣನ್ನು ಕೆರೆದು ತೆಗೆದರು, ಅದೂ ಭಾರವೇ ಎಂದು. ಮನೆ ಮನೆಯ ಮುಂದೆ ಟ್ರೇ ಇಳಿಸುವಾಗ ಎಂಜಿನ್ ಬಂದ್. ಬ್ರೇಕ್ ತುಳಿಯುವುದೆಂದರೆ ಅವರಿಗೆ ಹಾಲು ಚೆಲ್ಲಿದ ಹಾಗೆ. ಮುಂದೆ ಅರ್ಧ ಫರ್ಲಾಂಗಿನಲ್ಲಿ ಕುರಿ ಅಡ್ಡ ಬರುವ ಸೂಚನೆ ಕಂಡರೆ ಇಲ್ಲೇ ಕಾಲು ತೆಗೆದಿರುತ್ತಿದ್ದರು. ರೊಳ್ಳದ ಮುಂಚೆ ಒಂದು ಹುಣಸೆಮರವಿದೆ. ಆ ಮರದ ನೆರಳಿಗೆ ಬರುವಾಗ ಪೆಡಲಿನಿಂದ ಕಾಲೆತ್ತಿದರೆ ಮೊದಲ ರೈತನ ಬಾಗಿಲಿಗೆ ಗಾಡಿ ತಾನೇ ಹೋಗಿ ನಿಲ್ಲುತ್ತಿತ್ತು. ಹುಳು ಹೆಚ್ಚು ಕುಲುಕುತ್ತಿರಲಿಲ್ಲ, ರೈತರಿಗೆ ಅವರೆಂದರೆ ಪ್ರಾಣ. ರತ್ನಗಿರಿಯ ಒಬ್ಬ ಮುದುಕಿಯಂತೂ ರಾಯದುರ್ಗದಣ್ಣ ತಂದ ಹುಳು ಸೊಪ್ಪು ಚೆನ್ನಾಗಿ ತಿನ್ನುತ್ತವೆ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಅಳೆಯುವುದರಲ್ಲಂತೂ ಬಂಕಿನವರಿಗೆ ತಲೆಚಿಟ್ಟು ಹಿಡಿಸಿಬಿಟ್ಟಿದ್ದರು. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ನಡುವಿನ ಕಿಲೋಮೀಟರನ್ನು ಲೀಟರಿಗೆ ಭಾಗಿಸುವುದು ಎಲ್ಲರೂ ಮಾಡುವುದೇ. ಅವರು ಪ್ರತಿ ಸಲ ಅದೇ ಪಂಪು, ಅದೇ ಜಾಗ, ನೆಲದ ಮೇಲೆ ಚಕ್ರ ನಿಲ್ಲಬೇಕಾದ ಕಡೆ ಸುಣ್ಣದ ಗುರುತು. ಫುಲ್ ಆಯಿತು ಎಂದು ಪಂಪಿನವನು ಹೇಳಿದ ಮೇಲೆ ಹಿಂದೆ ಹೋಗಿ ಗಾಡಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸುವರು. ಟ್ಯಾಂಕಿನೊಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಗೆ ಬರಬೇಕು. ಮತ್ತೆ ಸ್ವಲ್ಪ ಹಿಡಿಯುವುದು. ಟ್ಯಾಂಕಿನ ಕುತ್ತಿಗೆಯಲ್ಲಿ ಡೀಸೆಲ್ ಕಣ್ಣಿಗೆ ಕಾಣುವವರೆಗೆ ಬಿಡುತ್ತಿರಲಿಲ್ಲ. ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು.

ಹೀಗೆ ಮಾಡಿ ಮಾಡಿ ಹನ್ನೆರಡೂವರೆ ಹನ್ನೆರಡು ಪಾಯಿಂಟ್ ಎಂಟಾಯಿತು. ವರ್ಷ ಕಳೆಯುವುದರಲ್ಲಿ ಹದಿಮೂರು ಮುಟ್ಟಿತು. ಒಂದು ದಿನ ಹದಿಮೂರು ಪಾಯಿಂಟ್ ಎರಡು. ಆ ದಿನ ಅವರು ಆಫೀಸಿನ ಬಾಗಿಲಲ್ಲಿ ನಿಂತು, ಒಳಗೆ ಬರದೆ, ನಾನು ಭಾಗಾಕಾರ ಮಾಡಿ ಮುಗಿಸುವುದನ್ನೇ ಕಾಯುತ್ತಿದ್ದರು. ನಾನು ಸಂಖ್ಯೆ ಹೇಳಿದೆ. ಮುಖ ಅರಳಿತು. ಹದಿನಾಲ್ಕಾಗಲಿಲ್ಲವಲ್ಲ ಅಣ್ಣಾ ಎಂದೆ. ಆ ಮಾತನ್ನು ಆಡದೆ ಇದ್ದಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ.

ನನ್ನ ತಲೆಯಲ್ಲಿ ಆಗಲೇ ಇನ್ನೊಂದು ಅನುಮಾನ ಹೊಕ್ಕಿತ್ತು. ಅದೇ ಊರುಗಳು, ಅದೇ ರಸ್ತೆ. ಹಳೆಯ ಡ್ರೈವರಿನ ಕಾಲದಲ್ಲಿ ಒಂದು ಸುತ್ತಿಗೆ ನೂರ ಹನ್ನೆರಡು ಕಿಲೋಮೀಟರ್ ಬೀಳುತ್ತಿತ್ತು. ಇವರು ಬಂದ ಮೇಲೆ ಸರಿಯಾಗಿ ನೂರು. ಹನ್ನೆರಡು ಕಿಲೋಮೀಟರ್ ಎಲ್ಲಿ ಹೋಯಿತು? ಕೊನೆಯ ಊರಿಗೆ ಹೋಗದೆ, ಹುಳುವನ್ನು ರೊಳ್ಳದಲ್ಲೇ ಯಾರ ಕೈಗೋ ಕೊಟ್ಟು ಬರುತ್ತಾರೆ ಎಂದು ನಾನು ತೀರ್ಮಾನಿಸಿದೆ. ಗುಟ್ಟಾಗಿ ರತ್ನಗಿರಿಯ ರೈತನೊಬ್ಬನಿಗೆ ಫೋನ್ ಮಾಡಿದೆ. ಆರೂವರೆಗೆಲ್ಲ ಬಂದು ಹೋದರಲ್ಲ ಸಾರ್ ಎಂದ ಅವನು. ಅವನಿಗೂ ಇದರಲ್ಲಿ ಪಾಲಿದೆ ಎಂದುಕೊಂಡೆ. ಅನುಮಾನ ಒಳಗೆ ಬಂದು ಕೂತ ಮೇಲೆ ಎಂಥ ಸಾಕ್ಷಿ ಬಂದರೂ ಅದರ ಕಡೆಗೇ ವಾಲುತ್ತದೆ. ಇದು ನನಗೆ ಆಗ ತಿಳಿದಿರಲಿಲ್ಲ ಎಂದರೆ ಸುಳ್ಳಾದೀತು. ತಿಳಿದಿತ್ತು, ಬೇರೆಯವರ ವಿಷಯದಲ್ಲಿ.

ಒಮ್ಮೆ ಅವರೇ ಬಂದು, ಸರ, ನೀವೇ ನನ್ನ ಬಾಜೂ ಕೂತು ನೋಡಿಬಿಡ್ರಿ ಎಂದರು. ಐದು ಲೀಟರಿನ ಒಂದು ಬಿಳಿ ಕ್ಯಾನು ತಂದಿದ್ದರು. ಟ್ಯಾಂಕಿನ ಪೈಪು ಬಿಚ್ಚಿ, ಕ್ಯಾನನ್ನು ಕ್ಯಾಬಿನ್ನಿನ ಹಿಂದೆ ಕಟ್ಟಿ, ಅದರಿಂದಲೇ ಎಂಜಿನಿಗೆ ಪೈಪು ಕೊಟ್ಟರು. ಅಳೆದು ಹಾಕಿದ ಐದು ಲೀಟರ್ ಮುಗಿದು ಎಂಜಿನ್ ತಾನಾಗಿ ಆರುವವರೆಗೆ ಓಡಿಸುವುದು. ಅದರಲ್ಲಿ ಯಾರೂ ಕದಿಯುವ ಹಾಗಿಲ್ಲ. ಪಾವಗಡದ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಅವರ ಬರಿಗಾಲು ಪೆಡಲಿನ ಮೇಲೆ ಇದೆಯೋ ಇಲ್ಲವೋ ಎನ್ನುವ ಹಾಗೆ ಇತ್ತು. ಹಿಂದಿನಿಂದ ಬಂದ ಬಸ್ಸಿನವರು ಇಷ್ಟು ನಿಧಾನವೇನು ಎಂದು ಬೈದುಕೊಂಡು ಹೋದರು. ನನ್ನ ಕಣ್ಣು ಮೀಟರಿನ ಮೇಲೆ, ಅವರ ಕಣ್ಣು ರಸ್ತೆಯ ಬದಿಯ ಕಲ್ಲುಗಳ ಮೇಲೆ.

ವಾಪಸು ಬರುವಾಗ ಎಂಜಿನ್ ಕೆಮ್ಮಿ ಆರಿತು. ಮೀಟರಿನಲ್ಲಿ ಅರವತ್ತಾರು. ಲೀಟರಿಗೆ ಹದಿಮೂರು ಚಿಲ್ಲರೆ. ಗಾಡಿ ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು, ಅವರು ಮೆಲ್ಲಗೆ ಹೇಳಿದರು.

“ಸರ, ಒಂದು ಮಾತು. ನಾ ಕಲ್ಲು ಎಣಿಸಿಕ್ಯಂತ ಬಂದೀನಿ. ಮೀಟರು ಒಂಬತ್ತು ತಿರುಗೋದ್ರಾಗ ಹತ್ತು ಕಲ್ಲು ಹೋಗ್ತಾವ್ರಿ. ಹತ್ತು ಕಲ್ಲಿಗೆ ಒಂಬತ್ತ ಯಾಕ ಬರ್ತದ?”

ನಾನು ನಕ್ಕೆ. ಓದಿದವನಲ್ಲವೇ, ಉತ್ತರ ಸಿದ್ಧವಾಗಿತ್ತು. ರಸ್ತೆ ಅಗಲ ಮಾಡುವಾಗ ತಿರುವುಗಳನ್ನು ಕತ್ತರಿಸಿ ನೇರ ಮಾಡಿದ್ದಾರೆ, ದೂರ ಕಡಿಮೆಯಾಗಿದೆ, ಕಲ್ಲುಗಳನ್ನು ಮಾತ್ರ ಹಳೆಯ ಲೆಕ್ಕದಲ್ಲೇ ನೆಟ್ಟಿದ್ದಾರೆ ಎಂದು ವಿವರಿಸಿದೆ. ಕಲ್ಲು ನೆಟ್ಟವನು ಕೂಲಿಯವನು, ಮೀಟರು ಕಂಪನಿಯವರದು, ಯಾವುದನ್ನು ನಂಬುತ್ತೀರಿ ಎಂದೂ ಕೇಳಿದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ಖುಷಿಯಾಯಿತು.

ಅವರು ಮುಂದಿನ ಕಲ್ಲನ್ನು ನೋಡಿದರು. “ಇರಬೌದ್ರಿ,” ಎಂದರು. ಆಮೇಲೆ ಇಳಿದು ಪೈಪು ಮೊದಲಿನ ಹಾಗೆ ಜೋಡಿಸಿದರು. ಕಲ್ಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಎರಡನೇ ವರ್ಷದ ಕೊನೆಗೆ ಯಜಮಾನರ ತಾಳ್ಮೆ ಮುಗಿಯಿತು. ಕೆಟ್ಟವರಲ್ಲ ಅವರು, ಆದರೆ ನಾನು ಕೊಟ್ಟ ಅಂಕಿಗಳನ್ನು ನಂಬುವ ಮನುಷ್ಯ. ಡ್ರೈವರನ್ನು ಕರೆಸಿ, ಕೂರಿಸಿ, ಕಾಫಿ ತರಿಸಿ, ಒಂದು ತಿಂಗಳು ಟೈಮ್ ಕೊಟ್ಟರು. “ನೋಡಪ್ಪ, ಹಳಬ ಹದಿನಾಲ್ಕು ಕೊಡ್ತಿದ್ದ. ಗಾಡಿ ಅದೇ ಐತೆ, ರೋಡು ಅದೇ ಐತೆ. ನೀನೂ ಹದಿನಾಲ್ಕು ತೋರ್ಸು, ನಂಗೆ ನಿನ್ ಮೇಲೆ ಯಾವ ಬೇಜಾರೂ ಇಲ್ಲ,” ಎಂದರು. ಗಾಡಿ ಅದೇ ಇದೆ ಎಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ತಲೆಯಾಡಿಸಿದೆ.

ರಾಯದುರ್ಗದಣ್ಣ ಕಾಫಿ ಕುಡಿಯದೆ ಎದ್ದರು. ತೋರಿಸ್ತೀನ್ರಿ ಎಂದರು.

ಆ ತಿಂಗಳು ಅವರು ತೀರ ಇಳಿದುಹೋದರು. ಊಟಕ್ಕೆ ಕೂತಲ್ಲೂ ಬಲಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು. ಹುಳುಮನೆಯ ಹೆಂಗಸರು ಮಾತಾಡಿಸಿದರೆ ‘ರಿ’ಯೂ ಇಲ್ಲ, ನಗುವೂ ಇಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗುವವರು ಆ ಸಲ ಹೋಗಲಿಲ್ಲ. ಹೆಂಡತಿ ಫೋನ್ ಮಾಡಿದರೆ ಗಾಡಿಯ ಹಿಂದೆ ಹೋಗಿ ನಿಂತು ಮಾತಾಡುತ್ತಿದ್ದರು.

ತಿಂಗಳ ಕೊನೆಯ ದಿನ ಟ್ಯಾಂಕ್ ಫುಲ್ ಮಾಡಿಸಿ ಬಂದು ಚೀಟಿ ಕೊಟ್ಟರು. ನಾನು ಭಾಗಿಸಿದೆ. ಹದಿನಾಲ್ಕು. ಸರಿಯಾಗಿ ಹದಿನಾಲ್ಕು, ಪಾಯಿಂಟಿನ ಮುಂದೆ ಏನೂ ಇಲ್ಲ. ಎರಡು ವರ್ಷ ಏನೆಲ್ಲ ಮಾಡಿದರೂ ಹದಿಮೂರು ಪಾಯಿಂಟ್ ಎರಡು ದಾಟದ ಗಾಡಿ, ಕೆಲಸ ಹೋಗುತ್ತದೆ ಎಂದ ಕೂಡಲೇ ಹದಿನಾಲ್ಕು ಕೊಟ್ಟಿದೆ. ನನಗೆ ಅದರಲ್ಲಿ ಕಂಡದ್ದು ಒಂದೇ. ಕದಿಯುವುದನ್ನು ನಿಲ್ಲಿಸಿದ್ದಾರೆ. ನಿಲ್ಲಿಸಿದ್ದಾರೆ ಎಂದರೆ ಇಲ್ಲಿಯವರೆಗೆ ಕದಿಯುತ್ತಿದ್ದರು.

ಗಾಡಿಯ ಹತ್ತಿರ ಹೋಗಿ ಸೀಟನ್ನು ಮುಂದಕ್ಕೆ ಬಾಗಿಸಿ ಹಿಂದೆ ನೋಡಿದೆ. ಚಪ್ಪಲಿಗಳ ಪಕ್ಕದಲ್ಲಿ ಆ ಬಿಳಿ ಕ್ಯಾನು ಇತ್ತು. ಮುಚ್ಚಳ ತೆಗೆದೆ. ಹಸಿ ಡೀಸೆಲ್ ವಾಸನೆ. ಕ್ಯಾನನ್ನು ತಂದು ಯಜಮಾನರ ಮೇಜಿನ ಮೇಲೆ ಇಟ್ಟೆ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ಯಜಮಾನರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. “ದೊಂಗ ದೊರಿಕಾಡು,” ಎಂದರು, ಕಳ್ಳ ಸಿಕ್ಕಿದ ಎಂದು. ಅಂಗಳದಲ್ಲಿ ಟ್ರೇ ತೊಳೆಯುತ್ತಿದ್ದ ಹೆಂಗಸರಿಗೆಲ್ಲ ಕೇಳಿಸಿತು.

ಈ ಕ್ಯಾನು ಯಾತಕ್ಕೆ ಎಂದು ನಾನು ಕೇಳಿದೆ.

“ಗಾಡಿಗೇ ರಿ,” ಎಂದರು.

ಅಷ್ಟೇ ಅಂದದ್ದು. ಯಜಮಾನರು ಇನ್ನೂ ಏನೇನೋ ಕೇಳಿದರು, ನಾನೂ ಕೇಳಿದೆ. ಅವರು ಗಾಡಿಯಿಂದ ಚಪ್ಪಲಿ ತೆಗೆದುಕೊಂಡು, ಒಂದಕ್ಕೊಂದು ತಟ್ಟಿ, ಹಾಕಿಕೊಂಡು, ಗೇಟಿನ ಕಡೆ ನಡೆದರು. ಗಾಳಿ ನೋಡುವ ಕಡ್ಡಿ ಡ್ಯಾಶ್‌ಬೋರ್ಡಿನಲ್ಲೇ ಉಳಿದಿತ್ತು. ಮರೆತು ಹೋದರೋ ಬೇಡವೆಂದು ಬಿಟ್ಟು ಹೋದರೋ ನನಗೆ ಗೊತ್ತಿಲ್ಲ. ನಾನು ಅದನ್ನು ಮೇಜಿನ ಖಾನೆಯಲ್ಲಿ ಹಾಕಿದೆ. ಮುಂದೆ ಬೇರೆ ಕಡೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ನನ್ನನ್ನು ಫೋನಿನಲ್ಲಿ ವಿಚಾರಿಸಿದವರು ಮೂವರು. ಮೂವರಿಗೂ ಕ್ಯಾನಿನ ಕಥೆ ಹೇಳಿದೆ.

ಆಮೇಲೆ ಎರಡು ವರ್ಷ ಬೇರೆ ಡ್ರೈವರು. ಅವನೂ ಹನ್ನೆರಡರ ಸುತ್ತಲೇ ಇದ್ದ. ಈ ಕಾಲದ ಡ್ರೈವರುಗಳೇ ಹೀಗೆ ಎಂದು ಯಜಮಾನರೂ ನಾನೂ ಒಪ್ಪಿಕೊಂಡೆವು. ಕಳೆದ ವರ್ಷ ದೊಡ್ಡ ಟೈರುಗಳು ಸವೆದುಹೋದವು. ಆ ಅಳತೆಯದು ಹಿಂದೂಪುರದಲ್ಲಿ ಸಿಗಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಹಳೆಯ ಸಣ್ಣ ಚಕ್ರಗಳು ಬಿದ್ದಿದ್ದವು, ಅವಕ್ಕೇ ಹೊಸ ಟೈರು ಕೂರಿಸಿ ಹಾಕಿಸಿದೆ. ಮಾರನೆಯ ದಿನ ಸುತ್ತು ಮುಗಿಸಿ ಬಂದ ಗಾಡಿಯ ಮೀಟರು ನೋಡಿದೆ. ನೂರ ಹನ್ನೆರಡು.

ಇದು ಹೇಗೆ ಎಂದು ಚಕ್ರ ಹಾಕಿದ ಮೆಕ್ಯಾನಿಕ್‌ನನ್ನು ಕೇಳಿದರೆ ಅವನು ನನ್ನನ್ನೇ ಮಿಕಮಿಕ ನೋಡಿದ. “ಚಕ್ರ ದೊಡ್ಡದಾದ್ರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಯ್ತದೆ ಸಾರ್. ಮೀಟ್ರು ಎಣ್ಸೋದು ಸುತ್ತ, ದೂರ ಅಲ್ಲ. ನೂರ ಹನ್ನೆರಡು ಓಡಿದ್ರೂ ನೂರು ಅಂತ್ಲೇ ತೋರ್ಸೋದು,” ಎಂದ.

ಹಳೆಯ ಲಾಗ್‌ಬುಕ್‌ಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಅವರ ಹನ್ನೆರಡೂವರೆ ನಿಜವಾಗಿ ಹದಿನಾಲ್ಕು. ಬಂದ ಮೊದಲ ತಿಂಗಳೇ ಅವರು ಹಳಬರಿಗೆ ಸಮ ಇದ್ದರು. ಅವರ ಹದಿಮೂರು ಪಾಯಿಂಟ್ ಎರಡು ಹತ್ತಿರ ಹತ್ತಿರ ಹದಿನೈದು. ಆ ಗಾಡಿಯಿಂದ ಅಷ್ಟು ಮೈಲೇಜನ್ನು ಯಾರೂ ತೆಗೆದಿರಲಿಲ್ಲ, ಮುಂದೆ ತೆಗೆಯುವುದೂ ಇಲ್ಲ. ರತ್ನಗಿರಿಗೆ ಪ್ರತಿ ಸಲವೂ ಹೋಗಿದ್ದಾರೆ. ಹತ್ತು ಕಲ್ಲು ಹತ್ತೇ ಕಲ್ಲು. ದೊಡ್ಡ ಚಕ್ರ ಹಾಕಿಸಿದವನು ನಾನು, ಕೇಳಿದವರ ಬಾಯಿ ಮುಚ್ಚಿಸಿದವನೂ ನಾನು.

ಆ ವಾರವೇ ಹೋಗಬೇಕಿತ್ತು. ಹೋಗಲಿಲ್ಲ. ಯಜಮಾನರಿಗೆ ಹೇಳಿದೆ, ಅವರು ಚ್ಚು ಎಂದರು, ಹೋಗಿ ಒಂದು ಮಾತು ಹೇಳಿ ಬಾರಪ್ಪ ಎಂದರು. ಈ ಬೆಳೆ ಮುಗಿಯಲಿ ಎಂದುಕೊಂಡೆ. ಆಮೇಲೆ ಹಬ್ಬ ಬಂತು. ಫೋನ್ ನಂಬರ್ ಇತ್ತು, ಒತ್ತಲು ಹೋಗಿ ಮೂರು ಸಲ ಬಿಟ್ಟೆ. ಇಂಥದನ್ನು ಎದುರಿಗೇ ಹೇಳಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆ ಎಂದು ಈಗ ಬರೆಯುತ್ತೇನೆ, ಆಗ ಅದನ್ನು ಕೆಲಸದ ಒತ್ತಡ ಎಂದೆ. ಹೀಗೆ ಆರು ತಿಂಗಳು.

ಕೊನೆಗೆ ಒಂದು ದಿನ ಆ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಪಾವಗಡದವರೆಗೆ ಕಿಟಕಿಯ ಪಕ್ಕ ಕೂತು ಕಲ್ಲು ಎಣಿಸಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ತಪ್ಪಾಯಿತು ಅಣ್ಣಾ ಎಂಬಲ್ಲಿಂದ ಶುರು ಮಾಡುವುದೋ, ನೀವು ಎಣಿಸಿದ್ದು ಸರಿ ಎಂಬಲ್ಲಿಂದಲೋ ಎಂದು ತೀರ್ಮಾನವಾಗಿರಲಿಲ್ಲ. ಎರಡೂ ಬೇಕಾಗಲಿಲ್ಲ.

ಬೆಟ್ಟದ ಕೆಳಗಿನ ಸಾಲುಮನೆಗಳಲ್ಲಿ ಅವರದು. ಆ ಬೀದಿಯಲ್ಲಿ ಮನೆ ಮನೆಯಿಂದಲೂ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು. ಬಾಗಿಲಲ್ಲಿ ಅವರ ಹೆಂಡತಿ ಕೂತು, ಹೊಲಿದ ಪ್ಯಾಂಟುಗಳ ರಾಶಿ ಮುಂದಿಟ್ಟುಕೊಂಡು, ಹೊರಗೆ ಚಾಚಿದ ದಾರದ ತುದಿಗಳನ್ನು ಕತ್ತರಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಎದ್ದು ಚಾಪೆ ಹಾಸಿದರು. ಅವರು ಹೋಗಿ ನಾಲ್ಕು ತಿಂಗಳಾಯಿತು ಎಂದರು. ಹೃದಯಾಘಾತವಂತೆ. ಬೆಳಿಗ್ಗೆ ಎದ್ದವರು ಚಾ ಕುಡಿಯುವ ಮುಂಚೆಯೇ.

ಮಡಕಶಿರದಿಂದ ಬಂದ ಮೇಲೆ ಎಲ್ಲೂ ಡ್ರೈವರ್ ಕೆಲಸ ಸಿಗಲಿಲ್ಲವಂತೆ. ಹೆಂಡತಿಯ ಜೊತೆ ಕೂತು ದಾರ ಕತ್ತರಿಸುತ್ತಿದ್ದರಂತೆ. ಆ ಕೊನೆಯ ತಿಂಗಳ ವಿಷಯವನ್ನು ನಾನು ಕೇಳದಿದ್ದರೂ ಆಕೆಯೇ ಹೇಳಿದರು. ಹದಿನಾಲ್ಕು ತೋರಿಸಬೇಕೆಂದು ಅವರು ತಮ್ಮ ಸಂಬಳದಿಂದ ಪಾವಗಡದಲ್ಲಿ ಡೀಸೆಲ್ ಕೊಂಡು, ಆ ಕ್ಯಾನಿನಲ್ಲಿ ತಂದು, ಗಾಡಿಯ ಟ್ಯಾಂಕಿಗೆ ಹಾಕುತ್ತಿದ್ದರಂತೆ. ಹತ್ತೋ ಹನ್ನೆರಡೋ ಲೀಟರ್. ಜೀವಮಾನದಲ್ಲಿ ಅವರು ಅಳತೆಯಲ್ಲಿ ಮಾಡಿದ ಮೋಸ ಅದೊಂದೇ. ಅದನ್ನು ಒಪ್ಪಿಕೊಳ್ಳಲು ನಾಚಿ ಅವತ್ತು ಕಳ್ಳನಾಗಿ ಗೇಟು ದಾಟಿದ್ದರು. ಗಾಡಿಗೇ ರಿ ಎಂದದ್ದು ಅದಕ್ಕೆ. ನನ್ನ ಕೈ ಜೇಬಿನಲ್ಲಿತ್ತು, ಕಡ್ಡಿಯನ್ನು ಹೊರಗೆ ತೆಗೆಯಲು ಆಗಲಿಲ್ಲ.

“ಕದ್ದಿಲ್ಲ ಅಂಬೋದು ಅವ್ರಿಗೆ ಗೊತ್ತಿತ್ತಲ್ರಿ,” ಎಂದರು ಆಕೆ. “ಅದಕ್ಕ, ತಪ್ಪು ನನ್ನ ಕಾಲಾಗ ಐ‌ತಿ ಅಂತಿದ್ರು. ಕಾಲು ಭಾರ ಆಗೇದ, ನಂಗ ತಿಳಿವಲ್ದು ಅನ್ನೋರು. ಇಲ್ಲೇ ಕುಂತು, ದಾರ ಕತ್ತರಿಸ್ಕ್ಯಂತ, ಬಲಗಾಲಿಲೆ ನೆಲ ಒತ್ತಿ ಒತ್ತಿ ನೋಡೋರು. ಮೆತ್ತಗ. ಕಡೀ ದಿನದ ತನಕ.”

ಚಾಪೆಯ ಪಕ್ಕ, ಗೋಡೆಗೆ ಒರಗಿ ಕೂತರೆ ಬಲಗಾಲು ಎಲ್ಲಿ ಬರುತ್ತದೆಯೋ ಅಲ್ಲಿಯ ಸಿಮೆಂಟ್ ನೆಲವನ್ನು ನಾನು ನೋಡಿದೆ. ಎಲ್ಲ ಕಡೆಯ ಹಾಗೆಯೇ ಇತ್ತು.

ಆಮೇಲೆ ಹೇಳಿದೆ. ಚಕ್ರದ ವಿಷಯ, ಮೀಟರಿನ ವಿಷಯ, ಹದಿನೈದರ ವಿಷಯ. ಒಂದು ಪ್ಯಾಂಟಿನ ಕಾಲನ್ನು ಸುತ್ತಿ ದೊಡ್ಡ ಚಕ್ರ, ಸಣ್ಣ ಚಕ್ರ ಮಾಡಿ ತೋರಿಸಿದೆ. ಹತ್ತು ಕಲ್ಲು ಎಂದು ಅವರು ಹೇಳಿದ್ದರು, ನಾನು ಕೇಳಲಿಲ್ಲ ಎಂದೂ ಹೇಳಿದೆ. ಆಕೆ ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಹಂಗಾರ ಅವ್ರ ಕಾಲು ಚಲೋ ಇತ್ರಿ?”

“ಚಲೋ ಇತ್ತಮ್ಮ. ಆ ಗಾಡಿ ಓಡಿಸಿದವರಲ್ಲೆಲ್ಲ ಅವರ ಕಾಲೇ ಚಲೋ ಇತ್ತು.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಹೊರಗೆ ಮಿಷನ್ನುಗಳು ಓಡುತ್ತಲೇ ಇದ್ದವು. ಕತ್ತರಿ ಮತ್ತೆ ಕೈಗೆತ್ತಿಕೊಂಡು, ಬೇರೆ ಏನೂ ಉದ್ದೇಶವಿಲ್ಲದೆ, ಸುಮ್ಮನೆ ತಿಳಿಯಬೇಕೆಂದು ಕೇಳಿದರು.

“ನಿಮಗ ಇದು ಯಾವಾಗ ಗೊತ್ತಾತ್ರಿ?”

ಆರು ತಿಂಗಳಾಯಿತು. ಅವರು ಹೋಗಿ ನಾಲ್ಕು ತಿಂಗಳು. ನಡುವಿನ ಎರಡು ತಿಂಗಳು ಅವರು ಈ ಗೋಡೆಗೆ ಒರಗಿ ಕೂತು ನೆಲ ಒತ್ತುತ್ತಿದ್ದರು. ಅಂಕಿಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು.

ಮೊನ್ನೆ ಎಂದೆ. ಆಕೆ ನಂಬಿದರು.